ಚಿಕ್ಕೀರನ ಹೊಲವೂ ನನ್ನ ಬಾಯಿಯೂ

ಮೊದಲೇ ಹೇಳಿಬಿಡುತ್ತೇನೆ, ಚಿಕ್ಕೀರನ ವಿಷಯ ಕೆಟ್ಟಿದ್ದು ನನ್ನ ಬಾಯಿಂದ. ಸಮುದ್ರ ದಾಟಿ ಬಂದಿದ್ದ ಒಬ್ಬ ಹೆಂಗಸು, ಅವರಿಗಾಗಿ ಕಾಫಿಗೆ ನೀರಿಟ್ಟಿದ್ದ ಒಂದು ಮನೆ, ಇಬ್ಬರ ನಡುವೆ ನಿಂತು ಮಾತು ದಾಟಿಸಬೇಕಾಗಿದ್ದ ನಾನು. ಇಷ್ಟೇ ಇದ್ದ ಕೆಲಸ. ನಾನು ಮಾತು ದಾಟಿಸುವುದು ಬಿಟ್ಟು ಒಬ್ಬ ಸರ್ವೆಯರ್‌ನ ಮೂಗಿನ ದನಿ ತೆಗೆದೆ. ಮಕ್ಕಳು ನಕ್ಕವು. ಕಾಫಿ ಬರಲಿಲ್ಲ.

ಅದಕ್ಕೆ ಆಮೇಲೆ ಬರುತ್ತೇನೆ. ಈಗ ನಾನು ನಿವೃತ್ತ. ಮೂವತ್ತಾರಕ್ಕೇ ನಿವೃತ್ತನಾದೆ ಅಂದರೆ ಜನ ನನ್ನ ಕೈಗಡಿಯಾರ ನೋಡುತ್ತಾರೆ, ದೊಡ್ಡ ಕಂಪನಿಯವನಿರಬೇಕು ಅಂತ. ನಾನು ಟೂರಿಸ್ಟ್ ಟ್ಯಾಕ್ಸಿ ಡ್ರೈವರ್. ಬೆನ್ನಿನ ಬಿಲ್ಲೆಗಳು ನನ್ನನ್ನು ಕೇಳದೆ ರಾಜೀನಾಮೆ ಕೊಟ್ಟವು. ಸ್ಟೇರಿಂಗ್ ಮುಟ್ಟಬೇಡ ಅಂತ ಡಾಕ್ಟರು ಬರೆದುಕೊಟ್ಟರು. ಬಾಯಿಗೂ ವಿಶ್ರಾಂತಿ ಅಂತ ಒಂದು ಸಾಲು ಸೇರಿಸಿ ಅಂತ ನನ್ನ ಹೆಂಡತಿ ಕೇಳಿದಳು. ಅದು ಅವರ ವಿಭಾಗಕ್ಕೆ ಬರಲ್ಲವಂತೆ.

ರಾಮನಗರದ ನಮ್ಮ ಟ್ರಾವೆಲ್ಸ್ ಆಫೀಸಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾಲ್ಕು ಮಾತು ಬರೆದುಕೊಡು ಅಂತ ಓನರ್ ಮಗ ಕೇಳಿದ್ದಾನೆ. ಅವನಿಗೆ ಬೇಕಿರುವುದು ಗಾಡಿ ಹೇಗೆ ಒರೆಸಬೇಕು, ಗಿರಾಕಿಗೆ ಬಾಗಿಲು ಹೇಗೆ ತೆಗೆಯಬೇಕು ಅನ್ನೋದು. ಅದು ನಿಮಗೆ ಒಂದು ವಾರದಲ್ಲಿ ಬರುತ್ತೆ, ಹುಡುಗರೇ. ನಾನು ಬೇರೆಯದನ್ನು ಬರೆಯುತ್ತೇನೆ.

ನಾನು ಸೇರಿದಾಗ ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನೋಡನೋಡುತ್ತಿದ್ದಂತೆ ಹುರುಳಿ ಹೊಲದಲ್ಲಿ ಗೇಟು ಬರುತ್ತಿತ್ತು, ಗೇಟಿಗೆ ಸೆಕ್ಯೂರಿಟಿ ಬರುತ್ತಿದ್ದ, ಹೊಲದ ಯಜಮಾನನೇ ಸಮವಸ್ತ್ರ ಹಾಕಿಕೊಂಡು ಆ ಸೆಕ್ಯೂರಿಟಿ ಆಗಿರುತ್ತಿದ್ದ. ಹೊರದೇಶದ ಎಂಜಿನಿಯರ್‌ಗಳನ್ನು ಬೆಂಗಳೂರಿಂದ ಕರೆತಂದು ಬಿಡುವುದು ನನ್ನ ಕೆಲಸ. ನನ್ನ ಇಂಗ್ಲಿಷ್ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಇಂಗ್ಲಿಷ್. ಆದರೆ ಕೇಳಿದ್ದನ್ನು ಕೇಳಿದ ಹಾಗೇ ಆಡಿ ತೋರಿಸುವ ಚಟ ಚಿಕ್ಕಂದಿನಿಂದ ಇತ್ತು. ಹಿಂದಿನ ಸೀಟಿನಲ್ಲಿ ಅವರು ಮಾತಾಡಿದ್ದನ್ನು ಮುಂದಿನ ಸೀಟಿನಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಕಲಿತೆ. ಜಪಾನಿನವರಿಗೆ ಜಪಾನಿ ಇಂಗ್ಲಿಷ್, ಜರ್ಮನಿಯವರಿಗೆ ಜರ್ಮನ್ ಇಂಗ್ಲಿಷ್. ಒಬ್ಬರು ಇಳಿಯುವಾಗ ನಮ್ಮ ಓನರ್‌ಗೆ ದೂರು ಕೊಟ್ಟರು, ನಿಮ್ಮ ಡ್ರೈವರ್ ನನ್ನ ಹೆಂಡತಿಯ ಹಾಗೆ ಮಾತಾಡುತ್ತಾನೆ ಅಂತ. ಆ ಅಮ್ಮ ಹಿಂದಿನ ವಾರ ನನ್ನ ಗಾಡಿಯಲ್ಲೇ ಬಂದಿದ್ದರು.

ನಮ್ಮ ಓನರ್ ಶಿವಣ್ಣೋರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮೌನ. ಏನು ಕೇಳಿದರೂ ಮೊದಲು ಗಂಟಲಲ್ಲಿ 'ಹ್ಞೂಂ' ಅಂತ ಒಂದು ಎಳೆತ, ಆಮೇಲೆ 'ನೋಡಪ್ಪಾ'. ಇಷ್ಟು ಸುಲಭದ ದನಿ ಸಿಕ್ಕರೆ ಯಾವ ಮಿಮಿಕ್ರಿಯವನು ಸುಮ್ಮನಿರುತ್ತಾನೆ? ಒಂದು ದಿನ ಅವರ ಮನೆಯಿಂದ ಫೋನ್ ಬಂತು, ಅವರು ಹೊರಗೆ ಹೋಗಿದ್ದರು. 'ಹ್ಞೂಂ, ನೋಡಮ್ಮಾ, ರಾತ್ರಿ ನಂಗೆ ಊಟ ಬ್ಯಾಡ' ಅಂದು ಇಟ್ಟುಬಿಟ್ಟೆ. ಮಾರನೆ ದಿನ ಶಿವಣ್ಣೋರು ಬಂದು ಕೂತರು, ಊದುಬತ್ತಿ ಹಚ್ಚಿದರು, ನನ್ನ ಮುಖ ನೋಡದೆ ಹೇಳಿದರು:

'ನೆನ್ನೆ ನಾನು ಊಟ ಬ್ಯಾಡ ಅಂದ್ನಂತೆ ಕಣಪ್ಪಾ. ನಂಗೇ ಗೊತ್ತಿರಲಿಲ್ಲ.'

ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆ.

ನನ್ನ ಈ ಬಾಯಿಯ ಕಾರಣಕ್ಕೇ ಒಂದು ಹೊಸ ಬಗೆಯ ಗಿರಾಕಿಗಳು ನನ್ನ ಪಾಲಿಗೆ ಬಂದರು. ತಾತನ ಊರು ಹುಡುಕಿಕೊಂಡು ಬರುವವರು. ಮಲೇಶಿಯಾ, ಮಾರಿಷಸ್, ದಕ್ಷಿಣ ಆಫ್ರಿಕಾ, ಫಿಜಿ. ಬ್ರಿಟಿಷರ ಕಾಲದಲ್ಲಿ ಕೂಲಿ ಕರಾರಿನ ಮೇಲೆ ಹಡಗು ಹತ್ತಿದವರ ಮೊಮ್ಮಕ್ಕಳು, ಮರಿಮಕ್ಕಳು. ನಮ್ಮ ಕಡೆಯಿಂದಲೂ ಹೋಗಿದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೋಗಿ ಅಲ್ಲಿ ಕಾಡು ಕಡಿದು, ರಸ್ತೆ ಹಾಕಿ, ಹಳಿ ಹೊತ್ತು, ಕಬ್ಬು ಬೆಳೆದು, ಒಂದೊಂದು ದೇಶವನ್ನೇ ನೆಲದಿಂದ ಎತ್ತಿ ನಿಲ್ಲಿಸಿದ್ದರು. ಆ ದೇಶದ ಪುಸ್ತಕದಲ್ಲಿ ಅವರಿಲ್ಲ, ಇಲ್ಲಿ ಮನೆಯವರ ಬಾಯಲ್ಲೂ ಇಲ್ಲ.

ಮೊದಲನೆಯವರು ಮಲೇಶಿಯಾದ ಒಬ್ಬ ಹಿರಿಯರು. ತಾತ ರಬ್ಬರ್ ತೋಟಕ್ಕೆ ಹೋದವರು, ಊರು 'ಕ್ಲೋಸ್‌ಪೇಟ್' ಅಂದರು. ಚಿಕ್ಕಪೇಟೆ, ಅಕ್ಕಿಪೇಟೆ, ಕಾಟನ್‌ಪೇಟೆ ಇರುವ ಹಾಗೆ ಇದೂ ಬೆಂಗಳೂರಿನ ಒಂದು ಪೇಟೆ ಅಂದುಕೊಂಡೆ. ನಮ್ಮ ಆಫೀಸಿನ ಮುಂದೆ ಗಾಡಿ ಹತ್ತಿಸಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಪೇಟೆ ಪೇಟೆ ಸುತ್ತಿಸಿದೆ. ಆ ಹಿರಿಯರು ಪ್ರತಿ ಪೇಟೆಯಲ್ಲೂ ಇಳಿದು ಭಕ್ತಿಯಿಂದ ನಿಂತು ನೋಡಿ ಹತ್ತುತ್ತಿದ್ದರು. ಸಂಜೆ ಆಫೀಸಿಗೆ ಬಂದು ಸಿಗಲಿಲ್ಲ ಅಂದಾಗ ಶಿವಣ್ಣೋರು ಗಂಟಲಲ್ಲಿ ಒಂದು ಎಳೆತ ಎಳೆದರು.

'ನೋಡಪ್ಪಾ. ನೀನು ಹುಟ್ಟಿದ್ದು ಯಾವೂರಲ್ಲಿ?'

'ಇದೇ ರಾಮನಗರ, ಸಾರ್.'

'ಇದ್ರ ಹಳೇ ಹೆಸ್ರೇ ಕ್ಲೋಸ್‌ಪೇಟೆ. ಬೆಳಿಗ್ಗೆ ನೀನು ಗಾಡಿ ತೆಗೆದ್ಯಲ್ಲ, ಅಲ್ಲೇ ತಲುಪಿದ್ರು ಅವ್ರು.'

ಮಾರನೆ ದಿನ ಅವರನ್ನು ಒಂದು ರೇಷ್ಮೆ ಬಿಚ್ಚುವ ಮನೆಗೆ ಕರೆದುಕೊಂಡು ಹೋದೆ. ಒಳಗೆ ಒಬ್ಬರು ಕೈಯಿಂದ ಚರಕ ತಿರುಗಿಸುತ್ತಿದ್ದರು. ಹಿರಿಯರು ಬಾಗಿಲಲ್ಲೇ ನಿಂತರು. ಅವರ ತಾತ ಮುಪ್ಪಿನಲ್ಲಿ ಕಟ್ಟೆಯ ಮೇಲೆ ಕೂತು ಬಲಗೈಯನ್ನು ಗಾಳಿಯಲ್ಲಿ ಸುಮ್ಮನೆ ಹೀಗೇ ತಿರುಗಿಸುತ್ತಿದ್ದರಂತೆ. ಮನೆಯವರು ನರದ ಕಾಯಿಲೆ ಅಂತ ಔಷಧಿ ಕೊಡಿಸಿದ್ದರಂತೆ. ಇದನ್ನು ಹೇಳುತ್ತಾ ಅವರ ಕೈಯೂ ತಿರುಗತೊಡಗಿತ್ತು. ಅವತ್ತು ನಾನು ಯಾರ ದನಿಯನ್ನೂ ತೆಗೆಯಲಿಲ್ಲ.

ಹುಡುಕುವ ವಿದ್ಯೆ ಬಂದದ್ದು ತಪ್ಪುಗಳಿಂದಲೇ. ಕುದೂರಿನ ಸಂತೆಯಲ್ಲಿ ನಿಂತು 'ರಂಗಪ್ಪನೋರ ಮನೆ ಯಾವುದು' ಅಂತ ಕೂಗಿದೆ. ಅರ್ಧ ಸಂತೆ ತಿರುಗಿ ನೋಡಿತು, ಉಳಿದರ್ಧ 'ನಮ್ಮಪ್ಪ ಮನೇಲವ್ರೆ' ಅಂದಿತು. ಹೊಂಗನೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದ ಒಬ್ಬರು ನನ್ನ ಪಾಡು ನೋಡಿ ಹೇಳಿಕೊಟ್ಟರು: 'ಹೆಸ್ರು ಕೇಳಬ್ಯಾಡ ಕಣ್ಲಾ, ಮನೆದೇವ್ರು ಕೇಳು. ಹೆಸ್ರು ಯಾರ ಮಗೀಗೆ ಬೇಕಾದ್ರೂ ಇಕ್ಬೋದು. ಮನೆದೇವ್ರ ಯಾರೂ ಬದಲಾಯಿಸಕಿಲ್ಲ.' ಅಂದಿನಿಂದ ಅದೇ ನನ್ನ ಮೊದಲ ಪ್ರಶ್ನೆ. ಇನ್ನೊಂದು ಉಪಾಯ ನಾನೇ ಕಂಡುಕೊಂಡೆ. ಬರುವುದಾದರೆ ಪಿತೃಪಕ್ಷದಲ್ಲಿ ಬನ್ನಿ ಅಂತ ಹೇಳುತ್ತಿದ್ದೆ. ಹಿರಿಯರಿಗೆ ಎಡೆ ಇಕ್ಕುವ ಹಬ್ಬಕ್ಕೆ ಎಲ್ಲಿದ್ದವರೂ ಮನೆಗೆ ಬಂದಿರುತ್ತಾರೆ, ಸತ್ತವರ ಹೆಸರುಗಳು ಎಲ್ಲರ ಬಾಯಲ್ಲಿರುತ್ತವೆ. ಈಗ ನಿಮ್ಮ ಫೋನು ದಾರಿ ತೋರಿಸುತ್ತೆ, ಸರಿ. ಆದರೆ ಮನೆದೇವರು ಯಾವುದು ಅಂತ ಅದು ಕೇಳಲ್ಲ.

ಈಗ ಚಿಕ್ಕೀರ.

ದಕ್ಷಿಣ ಆಫ್ರಿಕಾದ ಡರ್ಬನ್ನಿನಿಂದ ಬಂದವರ ಹೆಸರು ಸರಸ್ವತಿ. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಮ್ಮ. ನಾನು ಸರಸಮ್ಮ ಅಂತ ಕರೆದೆ, ಒಪ್ಪಿಕೊಂಡರು. ಅವರ ಮನೆಯಲ್ಲಿ ಉಳಿದುಕೊಂಡಿದ್ದ ಕನ್ನಡ ಮೂರೇ ಮಾತು: ಬಾ, ಉಣ್ಣು, ಬಾಯ್ಮುಚ್ಚು. ಮೂರನೆಯದನ್ನು ದಾರಿಯಲ್ಲಿ ನನ್ನ ಮೇಲೆ ಪ್ರಯೋಗಿಸಿ, ಉಚ್ಚಾರ ಸರಿಯಿದೆಯಾ ಅಂತ ಕೇಳಿದರು. ಬಹಳ ಚೆನ್ನಾಗಿದೆ ಅಂದೆ.

ಅವರ ಮುತ್ತಜ್ಜ ಚಿಕ್ಕವೀರ. ಕಾನಕಾನಹಳ್ಳಿ ಸೀಮೆಯವನು, ಅಂದರೆ ಈಗಿನ ಕನಕಪುರ. ಈ ಸಲ ಹಳೇ ಹೆಸರು ನನಗೆ ಗೊತ್ತಿತ್ತು. ಮನೆದೇವರು ಮುನಿಯಪ್ಪ. ಚಿಕ್ಕವೀರ ಡರ್ಬನ್ ಬಂದರಿನಿಂದ ಬೆಟ್ಟದ ಮೇಲಕ್ಕೆ ರೈಲು ಹಳಿ ಹಾಕಿದ ಗುಂಪಿನಲ್ಲಿದ್ದವನು. ಸರಸಮ್ಮನ ಚೀಲದಲ್ಲಿ ಶಾಲೆಯ ಪಠ್ಯದಿಂದ ತೆಗೆದ ಒಂದು ಚಿತ್ರದ ಜೆರಾಕ್ಸ್ ಇತ್ತು. ಹೊಸ ಎಂಜಿನ್ನಿನ ಮುಂದೆ ಟೋಪಿ ಹಾಕಿದ ಬಿಳಿಯರು ಸಾಲಾಗಿ ನಿಂತಿದ್ದಾರೆ, ಕೆಳಗೆ ಒಬ್ಬೊಬ್ಬರ ಹೆಸರೂ ಇದೆ. ಹಿಂದೆ ದಿಬ್ಬದ ಮೇಲೆ ಮಸುಕಾಗಿ ರುಮಾಲು ಸುತ್ತಿದ ತಲೆಗಳು. ಅವುಗಳಿಗೆ ಹೆಸರಿಲ್ಲ. 'ಈ ರೈಲಿನಿಂದ ನಮ್ಮ ದೇಶ ಶುರುವಾಯಿತು ಅಂತ ನಾನೇ ಪ್ರತಿವರ್ಷ ಪಾಠ ಮಾಡಿದೆ, ಮಂಜು,' ಅಂದರು. 'ಮಕ್ಕಳು ಟೋಪಿಯವರ ಹೆಸರು ಬಾಯಿಪಾಠ ಮಾಡಿದರು. ನಾನೇ ಕೇಳಿ ಒಪ್ಪಿಸಿಕೊಂಡೆ.'

ಅವರಿಗೆ ಬೇಕಿದ್ದದ್ದು ಒಂದೇ. ಚಿಕ್ಕವೀರ ಹುಟ್ಟಿದ ಮನೆಯಲ್ಲಿ, ಪಿತೃಪಕ್ಷದ ಅಮಾವಾಸ್ಯೆಯ ದಿನ, ಉಳಿದ ಹಿರಿಯರ ಜೊತೆ ಅವನ ಹೆಸರು ಹೇಳಿ ಒಂದು ಎಲೆ ಹಾಕಬೇಕು.

ಅಮಾವಾಸ್ಯೆಯ ಹಿಂದಿನ ದಿನ ಊರು ಸಿಕ್ಕಿತು. ಹೆಸರು ಬರೆಯಲ್ಲ, ಬರೆದರೆ ಆ ಮನೆಯವರು ನನ್ನ ಮನೆಗೆ ಬರುತ್ತಾರೆ. ಹಾರೋಹಳ್ಳಿ ಕಡೆಯ ಊರು ಅಂದುಕೊಳ್ಳಿ. ಟೀ ಅಂಗಡಿಯವನು, ಮುನಿಯಪ್ಪನ ಒಕ್ಕಲು ಇಲ್ಲಿ ಒಂದೇ ಮನೆ, ರಾಜಣ್ಣೋರದು ಅಂದ. ಚಿಕ್ಕವೀರ ಅನ್ನುವ ಹೆಸರು ಕೇಳಿದ್ದೀಯಾ ಅಂದೆ. 'ಚಿಕ್ಕೀರನ ಹೊಲ ಅಂತ ಐತೆ, ಅವರದೇ. ಯಾವ ಚಿಕ್ಕೀರ ಅಂತ ಯಾರಿಗ್ಗೊತ್ತು,' ಅಂದ. ಸರಸಮ್ಮ ನನ್ನ ತೋಳು ಹಿಡಿದುಕೊಂಡರು. ಇಡೀ ಜಗತ್ತಿನಲ್ಲಿ ಅವನ ಹೆಸರಿದ್ದ ಜಾಗ ಅದೊಂದೇ.

ರಾಜಣ್ಣ ಐವತ್ತರ ಆಸುಪಾಸಿನ ಒಕ್ಕಲಿಗ, ಒಳ್ಳೆಯ ಮನುಷ್ಯ. ಜಗಲಿಗೆ ಚಾಪೆ ಹಾಸಿದ, ಕಾಫಿಗೆ ಹೇಳಿದ. ಹಬ್ಬಕ್ಕೆ ಬಂದಿದ್ದ ನೆಂಟರ ಮಕ್ಕಳು ಸುತ್ತ ಸೇರಿದವು. ಮಕ್ಕಳು ಸೇರಿದರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ. ಆಗ ಆ ಕಡೆಯ ಊರುಗಳಲ್ಲೆಲ್ಲ ಕೈಗಾರಿಕಾ ಪ್ರದೇಶಕ್ಕೆ ಜಮೀನು ಅಳೆಯುತ್ತಿದ್ದರು. ಸರ್ವೆಯರ್ ಮೂಗಿನಲ್ಲಿ ಮಾತಾಡುವವನು, ನಾನು ಅವನನ್ನು ಗಾಡಿಯಲ್ಲಿ ಕರೆದೊಯ್ದಿದ್ದೆ. ಅವನ ಹಾಗೇ ಮೂಗೇರಿಸಿ, 'ಯಾರ್ರೀ ಅದು ಚಿಕ್ಕೀರನ ಹೊಲದೋರು? ವಾರಸುದಾರ್ರು ಫಾರಿನ್ನಿಂದ ಬಂದವ್ರೆ, ಬಂದು ಪಾಲು ಹಾಕ್ರೀ' ಅಂದೆ.

ಮಕ್ಕಳು ಬಿದ್ದು ಬಿದ್ದು ನಕ್ಕವು. ರಾಜಣ್ಣ ನಗಲಿಲ್ಲ. ಎದ್ದು ಒಳಗೆ ಹೋಗಿ ಬಂದ.

'ಕಾಫಿ ಪುಡಿ ಮುಗ್ದೋಗೈತಂತೆ,' ಅಂದ.

ಆ ಹೊಲ ಕೈಗಾರಿಕಾ ಪ್ರದೇಶದ ಗಡಿಯೊಳಗೆ ಬಂದಿತ್ತು, ಪರಿಹಾರದ ದುಡ್ಡು ಬರುವುದರಲ್ಲಿತ್ತು ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಸರಸಮ್ಮ, ನನಗೆ ನೆಲದಲ್ಲಿ ಒಂದು ಚೂರೂ ಬೇಡ ಅಂದರು. ನಾನು ದಾಟಿಸಿದೆ. ಸರ್ವೆಯರ್‌ನ ದನಿ ತೆಗೆದ ಬಾಯಿಂದ ಬಂದ ಮಾತನ್ನು ಯಾರು ನಂಬುತ್ತಾರೆ?

ಒಳಗಿನ ಕಂಬಕ್ಕೆ ಒರಗಿ ರಾಜಣ್ಣನ ಅವ್ವ ಕೂತಿದ್ದರು, ನಿಂಗಜ್ಜಿ. ಹಲ್ಲಿಲ್ಲ, ಕಿವಿ ಮಾತ್ರ ಚುರುಕು. ಸರಸಮ್ಮ ಚಿತ್ರ ತೆಗೆದು ಅವರ ಮಡಿಲಲ್ಲಿಟ್ಟರು. ಅಜ್ಜಿ ಬೆರಳು ಆಡಿಸಿದರು.

'ಈ ಟೋಪಿಯೋರು ಯಾರ್ಲಾ?'

'ರೈಲು ಹಾಕಿದ ಸಾಹೇಬ್ರಂತೆ, ಅಜ್ಜಿ.'

'ಟೋಪಿ ಹಾಕ್ಕಂಡು ಹಳಿ ಹೊತ್ರಾ?' ಅಂದು ಬೆರಳನ್ನು ಹಿಂದಿನ ದಿಬ್ಬಕ್ಕೆ ಸರಿಸಿದರು. 'ಇವ್ರಲ್ಲಿ ನಮ್ಮೋನು ಯಾರು?'

ಗೊತ್ತಿಲ್ಲ, ಯಾರಾದರೂ ಇರಬಹುದು ಅಂದರು ಸರಸಮ್ಮ.

ಅಜ್ಜಿಗೆ ಅವರ ಅತ್ತೆ ಹೇಳಿದ್ದ ಕತೆ ನೆನಪಿತ್ತು. ಅಣ್ಣತಮ್ಮಂದಿರು ಭಾಗವಾದಾಗ ತಮ್ಮ ಚಿಕ್ಕೀರನ ಪಾಲಿಗೆ ಬಂದ ಹೊಲ ಅದು. ಮದರಾಸಿನಲ್ಲಿ ಕೆಲಸ ಐತೆ ಅಂತ ಯಾರೋ ಕರೆದರು, 'ನಾನು ಬರೋಗಂಟ ಉತ್ಕಂಡು ಉಣ್ರಿ' ಅಂತ ಅಣ್ಣನಿಗೆ ಹೇಳಿ ಹೋದ. ಆಮೇಲೆ ಸುದ್ದಿಯಿಲ್ಲ. ಸತ್ತ ಸುದ್ದಿ ಬರದವನಿಗೆ ಎಡೆ ಇಕ್ಕುವ ಹಾಗಿಲ್ಲ, ಬದುಕಿದ್ದರೆ ಆಯಸ್ಸಿಗೆ ಕೇಡು. ಹಾಗಾಗಿ ಯಾವ ಅಮಾವಾಸ್ಯೆಯಲ್ಲೂ ಅವನಿಗೆ ಎಲೆ ಬಿದ್ದಿರಲಿಲ್ಲ. ಆ ಮನೆಯ ಲೆಕ್ಕದಲ್ಲಿ ಚಿಕ್ಕೀರ ಇನ್ನೂ ಬದುಕಿದ್ದ. ನೂರೈವತ್ತರ ಹತ್ತಿರ ವಯಸ್ಸಾಗಿರಬೇಕು, ಆರೋಗ್ಯವಾಗಿದ್ದಾನೆ ಅಂತ ನಂಬಿಕೆ.

ರಾಜಣ್ಣನಿಗೆ ಇದು ಅನುಕೂಲವಾಗಿ ಕಂಡಿತು. ಇದ್ದರೆ ಅವನು ಪಾಲುದಾರ, ಸತ್ತಿದ್ದರೆ ಈಯಮ್ಮ ವಾರಸುದಾರಳು. ಎರಡೂ ಅಲ್ಲದ ಹಾಗೆ ಇದ್ದುಬಿಡಲಿ ಅಂತ, 'ಸತ್ತ ಸುದ್ದಿ ಬಂದಿಲ್ಲ ಕಣಮ್ಮ, ಎಂಗೆ ಎಡೆ ಇಕ್ಕಾದು' ಅಂದ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸರಸಮ್ಮ, 'ಹಾಗಾದರೆ ಆ ಸುದ್ದಿ ಹೇಳುವುದಕ್ಕೇ ನಾನು ಬಂದಿದ್ದೇನೆ ಅಂತ ಹೇಳು' ಅಂದರು.

'ಏನಂತೆ?' ಅಂದರು ಅಜ್ಜಿ.

'ಚಿಕ್ಕೀರಪ್ಪ ತೀರ್ಕಂಡ್ರಂತೆ, ಅಜ್ಜಿ.'

'ಯಾವಾಗ?'

'ಒಸಿ ದಿನ ಆಯ್ತಂತೆ.'

ಅಜ್ಜಿ ಕಂಬ ಹಿಡಿದುಕೊಂಡು ಎದ್ದರು. 'ನೀರು ಕಾಯ್ಸೇ' ಅಂತ ಸೊಸೆಯನ್ನು ಕರೆದು ಬಚ್ಚಲ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ನೀರು ಸುರಿಯುವ ಸದ್ದು ಬಂತು. ಮನೆಯವರು ಸತ್ತ ಸುದ್ದಿ ಕೇಳಿದರೆ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ, ಹಾಕಿಕೊಳ್ಳುತ್ತಿದ್ದರು. ಸರಸಮ್ಮ ಏನದು ಅಂತ ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು, ತುಂಬ ಹೊತ್ತು ಒರೆಸಿದರು.

ರಾಜಣ್ಣ 'ನಾಳೆ ಬನ್ನಿ, ನೋಡಾನ' ಅಂದ.

ವಾಪಸು ಬರುವಾಗ, ಜಗಲಿಯಲ್ಲಿ ನಾನು ಮೂಗಿನಲ್ಲಿ ಏನಂದೆ ಅನ್ನೋದನ್ನು ಹೇಳಿಕೊಂಡೆ. ಅವರು ಬಾಯ್ಮುಚ್ಚು ಅಂದಿದ್ದರೆ ಚೆನ್ನಾಗಿತ್ತು. 'ಅಲ್ಲಿ ಫೋಟೋದಲ್ಲಿ ಹೆಸರು ಬಿಟ್ಟರು. ಇಲ್ಲೂ ಬಿಟ್ಟರೆ ನಾನು ಇನ್ನೆಲ್ಲಿ ಹೋಗಿ ಹುಡುಕಲಿ, ಮಂಜು?' ಅಂದರು, ಅಷ್ಟೇ. ಅವರಿಗೆ ಮಾರನೆ ದಿನವೇ ರಾತ್ರಿ ವಿಮಾನ.

ಶಿವಣ್ಣೋರಿಗೆ ಎಲ್ಲಾ ಒಪ್ಪಿಸಿದೆ. 'ನೋಡಪ್ಪಾ,' ಅಂದರು, 'ನಾಳೆ ಇರೋ ಬರೋ ದನಿಯೆಲ್ಲ ಆಫೀಸಲ್ಲಿ ಇಟ್ಟು, ನಿಂದೊಂದು ತಗಂಡೋಗು. ಐತೆ ತಾನೆ?'

ಅಮಾವಾಸ್ಯೆಯ ದಿನ ಆ ಮನೆಯ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಬಾಳೆ ಎಲೆ. ಒಂದೊಂದು ಎಲೆಯ ಮುಂದೂ ಒಬ್ಬ ಹಿರಿಯರ ಪಂಚೆಯೋ ಸೀರೆಯೋ. ಬಾಡು, ಮುದ್ದೆ, ಕಜ್ಜಾಯ, ಯಾರಿಗೆ ಬೀಡಿ ಇಷ್ಟವೋ ಅವರಿಗೆ ಬೀಡಿ, ಯಾರಿಗೆ ಎಣ್ಣೆ ಇಷ್ಟವೋ ಅವರಿಗೊಂದು ಕ್ವಾರ್ಟರ್. ಧೂಪ ಇನ್ನೂ ಹಾಕಿರಲಿಲ್ಲ. ಸರಸಮ್ಮ ಒಂದು ಹೊಸ ಪಂಚೆಯನ್ನು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತರು. ಎಲ್ಲಿಡಬೇಕು ಅಂತ ಅವರಿಗೆ ಗೊತ್ತಿಲ್ಲ, ಯಾರೂ ಹೇಳಲಿಲ್ಲ.

ರಾಜಣ್ಣ ಅಂಗಿಯ ಜೇಬಿನಿಂದ ಮಡಿಸಿದ ಸ್ಟಾಂಪ್ ಪೇಪರ್ ತೆಗೆದ. ಬೆಳಿಗ್ಗೆಯೇ ಪತ್ರ ಬರೆಯುವವರ ಮನೆಗೆ ಹೋಗಿ ಬರೆಸಿಕೊಂಡು ಬಂದಿದ್ದ. 'ಬೇಜಾರು ಮಾಡ್ಕಬ್ಯಾಡಿ. ಇದಕ್ಕೊಂದು ಸೈನ್ ಹಾಕುದ್ರೆ ಎಲೆ ಹಾಕ್ಬುಡಾನ,' ಅಂದ.

ಪಾಲು ಕೇಳಲ್ಲ ಅಂತ ತಾನೆ, ಕೊಡು ಅಂದರು ಸರಸಮ್ಮ. ಪೆನ್ನಿನ ಮುಚ್ಚಳ ತೆಗೆದೂ ಆಯಿತು. ನಾನು ಓದುತ್ತಾ ಹೋದೆ. ಪಾಲು ಕೇಳಲ್ಲ ಅನ್ನೋದು ಮೊದಲ ಸಾಲಿನಲ್ಲಿತ್ತು. ಅದರ ಕೆಳಗೆ, ಚಿಕ್ಕವೀರನೆಂಬ ವ್ಯಕ್ತಿಗೂ ಈ ಕುಟುಂಬಕ್ಕೂ ಯಾವುದೇ ಸಂಬಂಧವಿರುವುದಿಲ್ಲ ಅಂತ ಬರೆದಿತ್ತು. ಪತ್ರ ಬರೆಯುವವರ ಕೈ ಸುಮ್ಮನಿರುವುದಿಲ್ಲ, ಭದ್ರವಾಗಲಿ ಅಂತ ಒಂದು ಸಾಲು ಹೆಚ್ಚಿಗೆ ಹಾಕಿರುತ್ತಾರೆ. ಎರಡನ್ನೂ ಇಂಗ್ಲಿಷಿನಲ್ಲಿ ಹೇಳಿದೆ.

ಸರಸಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. 'ಮೊದಲನೆಯದಕ್ಕೆ ಎಷ್ಟು ಸಲ ಬೇಕಾದರೂ ಹಾಕುತ್ತೇನೆ. ಎರಡನೆಯದಕ್ಕೆ ಆಗಲ್ಲ. ಆಮೇಲೆ ಆ ಎಲೆ ಯಾರಿಗೆ?' ಅಂದರು.

ರಾಜಣ್ಣನ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಹೆದರಿಕೆ ಇತ್ತು. ಇದ್ದ ಹೊಲ ಅದೊಂದೇ, ಅದೂ ಕೈಬಿಟ್ಟು ಹೋಗುತ್ತಿತ್ತು. ಅವನು ಪೇಪರನ್ನು ಮಡಿಸಲಿಲ್ಲ, ಜೇಬಿಗೂ ಹಾಕಲಿಲ್ಲ. ನೆಂಟರೆಲ್ಲ ಗೋಡೆ ನೋಡುತ್ತಿದ್ದರು. ಎಲೆಗಳ ಮೇಲೆ ಮುದ್ದೆ ಆರುತ್ತಿತ್ತು.

'ಏನ್ಲಾ ಅದು ಕಾಗ್ದ? ಓದು,' ಅಂದರು ನಿಂಗಜ್ಜಿ ಕಂಬದ ಬುಡದಿಂದ.

ಓದಿದೆ. ಶಿವಣ್ಣೋರು ಹೇಳಿದ್ದ ಹಾಗೆ ನನ್ನದೇ ದನಿಯಲ್ಲಿ ಓದಿದೆ. ಅದು ಇಷ್ಟು ಸಣ್ಣದಾಗಿದೆ ಅಂತ ನನಗೇ ಗೊತ್ತಿರಲಿಲ್ಲ.

'ಅವ್ವಾ, ನಿಂಗಿದೆಲ್ಲ ಗೊತ್ತಾಗಕಿಲ್ಲ,' ಅಂದ ರಾಜಣ್ಣ. 'ನಾಳೆ ಕೋರ್ಟು ಕಚೇರಿ ಅಂದ್ರೆ ಯಾರವ್ವ ಅಲೆಯೋರು? ಒಂದು ರುಜು ಇದ್ರೆ ಎಲ್ಲಾರ್ಗೂ ಒಳ್ಳೇದು.'

ಅಜ್ಜಿ ಮಗನನ್ನು ನೋಡಲಿಲ್ಲ. ಎಲೆಯ ಸಾಲಿನಲ್ಲಿ ತಮ್ಮ ಗಂಡನ ಪಂಚೆ ಇಟ್ಟಿದ್ದ ಕಡೆಗೇ ನೋಡುತ್ತಾ ಹೇಳಿದರು:

'ಹೊಲಕ್ಕೆ ಅವ್ನ ಹೆಸ್ರು, ರಾಗಿ ನಿಮ್ಮ ಹೊಟ್ಟೆಗೆ. ಇಷ್ಟು ಕಾಲ ಅವ್ನ ಪಾಲು ಉಂಡ್ಕಂಡು, ಅವ್ನಿಗೊಂದು ಎಲೆ ಹಾಕಕ್ಕೆ ರುಜು ಕೇಳ್ತಿದ್ದೀಯಲ್ಲ, ನಿಮ್ಮಪ್ಪಂಗೆ ಎಡೆ ಇಕ್ಕುವಾಗ ಯಾವ ಕಾಗ್ದಕ್ಕೆ ರುಜು ಹಾಕಿಸ್ಕಂಡಿದ್ದೆ?'